‘ಸ್ವಲ್ಪ ಸಕ್ಕರೆ’ ಅಂದರೆ ಎಷ್ಟು? ಹಮ್ಮಿಂಗ್‌ಬರ್ಡ್ ಬಗ್ಗೆ ಬರೆದ ಲೇಖಕಿಗೆ

ಮಾನ್ಯರೇ, ನಮಸ್ಕಾರ.

‘ಹಿತ್ತಲಿಗೆ ಬಂದ ಅತಿಥಿ’ ಲೇಖನ ತಲುಪಿತು. ಅಮೆರಿಕದ ನಾರ್ತ್ ಕೆರೋಲಿನಾದ ರಾಲೆಯಲ್ಲಿ ಮನೆ ಮಾಡಿಕೊಂಡಿರುವ ನೀವು, ಹಿತ್ತಲಲ್ಲಿ ಫೀಡರ್ (ಹಕ್ಕಿ ಬಂದು ಸಕ್ಕರೆ ನೀರು ಕುಡಿಯುವ ಪಾತ್ರೆ) ತೂಗುಹಾಕಿ, ಮಕರಂದ ಕುಡಿಯುವ ಪುಟ್ಟ ಹಮ್ಮಿಂಗ್‌ಬರ್ಡ್‌ಗಳನ್ನು ಬರಮಾಡಿಕೊಳ್ಳುವುದು ಹೇಗೆ ಎಂದು ಅಲ್ಲಿನ ಕನ್ನಡಿಗರಿಗಾಗಿ ಬರೆದಿದ್ದೀರಿ. ಭಾಷೆ ಸರಾಗವಾಗಿದೆ. ಕಪ್ಪಗೆ ಕಾಣುತ್ತಿದ್ದ ಗಂಡು ಹಕ್ಕಿಯ ಕೊರಳು, ಅದು ತಲೆ ಹೊರಳಿಸಿದೊಡನೆ ಥಟ್ಟನೆ ಮಾಣಿಕ್ಯದ ಬಣ್ಣಕ್ಕೆ ತಿರುಗಿದ್ದನ್ನು ಹೇಳಿರುವ ಪ್ಯಾರಾ ನನಗೆ ಬಹಳ ಹಿಡಿಸಿತು. ಅದರಲ್ಲಿ ಒಂದಕ್ಷರವನ್ನೂ ನಾನು ಮುಟ್ಟುವುದಿಲ್ಲ.

ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆ. ಅದಕ್ಕೆ ಕಾರಣ ನಡುವಿನ ‘ತಯಾರಿಸುವ ವಿಧಾನ’ ಎಂಬ ಭಾಗ. ಅದನ್ನು ಓದಿ ನನಗೆ ಸಿಟ್ಟು ಬಂತು. ಓದುಗರು ನಿಮ್ಮ ಮಾತನ್ನು ನಂಬಿ ಅದರಂತೆಯೇ ಮಾಡುತ್ತಾರೆ. ತಪ್ಪಾದರೆ ಅನುಭವಿಸುವುದು ಮೂರು ಗ್ರಾಂ ತೂಕದ ಒಂದು ಹಕ್ಕಿ. ಆದ್ದರಿಂದ ಆ ಭಾಗವನ್ನು ಸಾಲು ಸಾಲಾಗಿ ನೋಡೋಣ.

ನಿಮ್ಮ ಮೊದಲ ಸಾಲು: “ಸ್ವಲ್ಪ ಸಕ್ಕರೆಯನ್ನು ನೀರಿಗೆ ಹಾಕಿ, ಹದವಾಗಿ ಪಾಕ ಬರುವವರೆಗೆ ಕುದಿಸಿ.”

ಸ್ವಲ್ಪ ಅಂದರೆ ಎಷ್ಟು? ಪಾಯಸ ಮಾಡುವವರಿಗೆ ಕೈಯಳತೆ ಸಾಕು, ಏಕೆಂದರೆ ರುಚಿ ನೋಡಿ ತಿದ್ದಿಕೊಳ್ಳುತ್ತಾರೆ. ಇಲ್ಲಿ ಕುಡಿಯುವವರು ನಾವಲ್ಲ. ಅಳತೆ ಒಂದೇ: ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಲೋಟ ಯಾವುದಾದರೂ ಆಗಬಹುದು, ಎರಡನ್ನೂ ಅದೇ ಲೋಟದಲ್ಲಿ ಅಳೆಯಬೇಕು, ಅಷ್ಟೆ. ಅಮೆರಿಕದ ಅಳತೆಯಲ್ಲಿ ಕಾಲು ಕಪ್ ಸಕ್ಕರೆ, ಅಂದರೆ ಸುಮಾರು 50 ಗ್ರಾಂ. ಅದಕ್ಕೆ ಒಂದು ಕಪ್ ನೀರು, ಸುಮಾರು 240 ಮಿಲಿಲೀಟರ್. ಹಮ್ಮಿಂಗ್‌ಬರ್ಡ್ ಹುಡುಕಿಕೊಂಡು ಹೋಗುವ ಹೂಗಳ ಮಕರಂದದಲ್ಲಿ ಸಕ್ಕರೆಯ ಪ್ರಮಾಣ ಸಾಮಾನ್ಯವಾಗಿ ಶೇ. 20ರಿಂದ 25. ಈ ಅಳತೆ ಅದರ ಹತ್ತಿರಕ್ಕೆ ಬರುತ್ತದೆ. ಇದಕ್ಕಿಂತ ತೆಳುವಾದರೆ, ಹೊಟ್ಟೆ ತುಂಬಿದರೂ ಹಕ್ಕಿಗೆ ಬೇಕಾದಷ್ಟು ಶಕ್ತಿ ಸಿಗುವುದಿಲ್ಲ. ಗಟ್ಟಿಯಾದರೆ ನಾಲಿಗೆಗೆ ಎತ್ತಲು ಕಷ್ಟ, ದೇಹಕ್ಕೆ ನೀರೂ ಸಾಲದು.

‘ಪಾಕ ಬರುವವರೆಗೆ’ ಎಂಬುದನ್ನು ತೆಗೆದೇ ಹಾಕಿ. ಪಾಕ ಎಂದರೆ ನಮ್ಮ ಓದುಗರಿಗೆ ಎಳೆ ಬರುವ ಹದವೇ ಕಣ್ಣೆದುರು ಬರುತ್ತದೆ. ಅಷ್ಟು ಹೊತ್ತು ಕುದಿಸಿದರೆ ನೀರು ಆವಿಯಾಗಿ ನಿಮ್ಮ ಒಂದಕ್ಕೆ ನಾಲ್ಕು ಎಂಬ ಲೆಕ್ಕವೇ ಕೆಡುತ್ತದೆ. ನೀರು ಕುದಿ ಬಂದೊಡನೆ ಒಲೆ ಆರಿಸಿ, ಸಕ್ಕರೆ ಹಾಕಿ ಕದಡಿದರೆ ಮುಗಿಯಿತು. ಕುದಿಸುವುದು ಕಡ್ಡಾಯವೂ ಅಲ್ಲ. ಸಕ್ಕರೆ ಬೇಗ ಕರಗಲಿ, ಫ್ರಿಜ್‌ನಲ್ಲಿಟ್ಟದ್ದು ಬೇಗ ಕೆಡದಿರಲಿ ಎಂದು ಮಾಡುವ ಕೆಲಸ ಅದು. ಫೀಡರ್‌ಗೆ ತುಂಬುವ ಮುನ್ನ ಪೂರ್ತಿ ತಣ್ಣಗಾಗಬೇಕು. ಮಿಕ್ಕದ್ದನ್ನು ಮುಚ್ಚಿದ ಸೀಸೆಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಧಾರಾಳವಾಗಿ ಬಾಳುತ್ತದೆ.

ಮುಂದಿನ ಸಾಲು ನನ್ನನ್ನು ಹೆಚ್ಚು ಕಾಡಿತು: “ಬಿಳಿ ಸಕ್ಕರೆ ವಿಷವಿದ್ದಂತೆ, ಅದರ ಬದಲು ಬೆಲ್ಲ ಅಥವಾ ಶುದ್ಧ ಜೇನುತುಪ್ಪ ಬಳಸಿದರೆ ಹಕ್ಕಿಗೂ ಆರೋಗ್ಯ.”

ಇದು ಪೂರ್ತಿ ತಲೆಕೆಳಗು. ನಿಮ್ಮ ಕಾಳಜಿ ನಿಜವಾದದ್ದೇ, ಮನೆಯಲ್ಲಿ ಮಕ್ಕಳಿಗೆ ಹೇಳುವ ಮಾತನ್ನು ಹಕ್ಕಿಗೂ ಹೇಳಿದ್ದೀರಿ. ಆದರೆ ಬೆಲ್ಲವನ್ನು ನಮಗೆ ಒಳ್ಳೆಯದೆನ್ನುವುದು ಯಾವ ಕಬ್ಬಿಣಾಂಶಕ್ಕಾಗಿಯೋ ಅದೇ ಈ ಹಕ್ಕಿಗೆ ಹಾನಿಕರ. ಹೂವಿನ ಮಕರಂದದಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಆಹಾರಕ್ಕೆ ಒಗ್ಗಿದ ದೇಹದಲ್ಲಿ ಹೆಚ್ಚಾದ ಕಬ್ಬಿಣ ಶೇಖರವಾಗುತ್ತಾ ಹೋಗುತ್ತದೆ. ಬೆಲ್ಲ, ಕಂದು ಸಕ್ಕರೆ, ಕಾಕಂಬಿ ಉಳಿದಿರುವ ‘ಆರ್ಗ್ಯಾನಿಕ್’ ಹಳದಿ ಸಕ್ಕರೆ ಎಲ್ಲಕ್ಕೂ ಇದೇ ಮಾತು. ಇನ್ನು ಜೇನುತುಪ್ಪ: ಸೀಸೆಯಲ್ಲಿ ವರ್ಷಗಟ್ಟಲೆ ಕೆಡದ ಜೇನು, ನೀರು ಬೆರೆತ ಕೂಡಲೇ ಹುಳಿಯಲು ಶುರುವಾಗುತ್ತದೆ, ಬೂಷ್ಟು ಬೆಳೆಯಲು ಒಳ್ಳೆಯ ನೆಲೆಯಾಗುತ್ತದೆ. ಅದರಿಂದ ಹಕ್ಕಿಗೆ ಶಿಲೀಂಧ್ರದ ಸೋಂಕು ತಗಲಬಹುದು. ಪುಡಿ ಸಕ್ಕರೆಗೆ ಗಂಟು ಕಟ್ಟದಿರಲೆಂದು ಮೆಕ್ಕೆಜೋಳದ ಪಿಷ್ಟ ಬೆರೆಸಿರುತ್ತಾರೆ, ಅದೂ ಬೇಡ. ಡಯಾಬಿಟಿಸ್ ಇರುವವರು ಕಾಫಿಗೆ ಹಾಕಿಕೊಳ್ಳುವ ಕೃತಕ ಸಿಹಿಯಲ್ಲಿ ಶಕ್ತಿಯೇ ಇಲ್ಲ. ಅದನ್ನು ಕುಡಿದ ಹಕ್ಕಿ ಉಪವಾಸವಿದ್ದ ಹಾಗೆಯೇ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ, ಅತಿ ಸಾಮಾನ್ಯ ಬಿಳಿ ಹರಳು ಸಕ್ಕರೆಯೇ ಸರಿಯಾದದ್ದು. ಅದು ಬರೀ ಸುಕ್ರೋಸ್. ಈ ಹಕ್ಕಿಗಳ ಮೆಚ್ಚಿನ ಹೂಗಳಲ್ಲಿ ಹೆಚ್ಚಾಗಿ ಇರುವುದೂ ಸುಕ್ರೋಸೇ.

“ನಾಲ್ಕು ಹನಿ ಕೆಂಪು ಬಣ್ಣ ಸೇರಿಸಿ.” ಬೇಡ. ಮಕರಂದಕ್ಕೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ, ಹಕ್ಕಿಯನ್ನು ಕರೆಯುವುದು ಹೂವಿನ ಬಣ್ಣ. ನಿಮ್ಮ ಫೀಡರ್‌ನ ತಳವೇ ಕೆಂಪಗಿದೆ. ದಿನಕ್ಕೆ ತನ್ನ ತೂಕವನ್ನೂ ಮೀರಿ ಸಿಹಿನೀರು ಕುಡಿಯಬಲ್ಲ ಜೀವಕ್ಕೆ ಉಪಯೋಗವಿಲ್ಲದ ಬಣ್ಣವನ್ನು ಯಾಕೆ ಕುಡಿಸಬೇಕು?

“ಆಗಾಗ ತೊಳೆಯುತ್ತಿರಿ.” ಮತ್ತೆ ಅದೇ ದೋಷ. ನಾನು ಕೆಲಸ ಕಲಿತದ್ದು ಕೃಷಿ ಪುಟದಲ್ಲಿ. ಅಲ್ಲಿದ್ದ ಹಿರಿಯ ಉಪಸಂಪಾದಕರು ‘ಸ್ವಲ್ಪ’, ‘ಆಗಾಗ’, ‘ಬೇಕಾದಷ್ಟು’ ಎಂಬ ಪದ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಎಷ್ಟು?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಬರೆಯುವಾಗ, ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂದು ಬರೆದರೂ ಅವರಿಗೆ ಸಾಲದು. ಯಾವುದನ್ನು ಯಾವುದಕ್ಕೆ ಸುರಿಯಬೇಕು, ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂಬುದೂ ಇರಬೇಕಿತ್ತು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು; ಆಮೇಲೆ ಹೊಳೆಯುವ ಚಾಕು ಅದ್ದಿ ನೋಡಿದಾಗ ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಮಾಡುವವನು ತಾನೇ ಪರೀಕ್ಷಿಸಿಕೊಳ್ಳುವ ಒಂದು ಗುರುತನ್ನು ಕೊಡದ ಲೇಖನವನ್ನು ಅವರು ಅಚ್ಚಿಗೆ ಬಿಡುತ್ತಿರಲಿಲ್ಲ. ನಿಮ್ಮಿಂದ ನಾನು ಕೇಳುತ್ತಿರುವುದೂ ಅಂಥ ಗುರುತನ್ನೇ.

ತೊಳೆಯುವ ವಿಚಾರದಲ್ಲಿ ಗುರುತು ಇದು. ಹೊಸ ಸಕ್ಕರೆ ನೀರು ಕುಡಿಯುವ ನೀರಿನಷ್ಟೇ ತಿಳಿಯಾಗಿರುತ್ತದೆ. ಫೀಡರನ್ನು ಬೆಳಕಿಗೆ ಹಿಡಿದಾಗ ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ, ಎಳೆಗಳು ತೇಲುತ್ತಿದ್ದರೆ, ಹಕ್ಕಿ ಕೊಕ್ಕಿಡುವ ತೂತುಗಳ ಒಳಅಂಚಿನಲ್ಲಿ ಕರಿ ಚುಕ್ಕೆ ಕಂಡರೆ ಅದು ಕೆಟ್ಟಿದೆ. ಆದರೆ ಈ ಗುರುತು ಕಾಣುವವರೆಗೆ ಕಾಯಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ, ಅಂದರೆ ನಿಮ್ಮಲ್ಲಿಯ 90 ಫ್ಯಾರನ್‌ಹೀಟ್ ಮೇಲೆ, ದಿನವೂ ಬದಲಾಯಿಸಬೇಕು. 25ರ ಆಸುಪಾಸಿನಲ್ಲಿ ಎರಡು-ಮೂರು ದಿನಕ್ಕೊಮ್ಮೆ, 20ಕ್ಕಿಂತ ಕೆಳಗಿದ್ದರೆ ನಾಲ್ಕೈದು ದಿನಕ್ಕೊಮ್ಮೆ. ಉಳಿದ ನೀರಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಳೆಯದನ್ನು ಚೆಲ್ಲಿ, ತೊಳೆದು, ಆಮೇಲೆ ತುಂಬಬೇಕು ಎಂದು ಬಿಡಿಸಿ ಬರೆಯಿರಿ.

ತೊಳೆಯಲು ಬಿಸಿನೀರು ಮತ್ತು ಸಣ್ಣ ಬ್ರಷ್ ಸಾಕು. ತೂತುಗಳೊಳಗೆ ಹೋಗುವಂಥ ಬ್ರಷ್ ಇರಲಿ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಅಂಟು ಬಿಡದಿದ್ದರೆ ಬಿಳಿ ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಹಾಕಿ. ಕರಿ ಬೂಷ್ಟು ಹಿಡಿದೇ ಬಿಟ್ಟಿದ್ದರೆ ಒಂದು ಗ್ಯಾಲನ್ ನೀರಿಗೆ ಕಾಲು ಕಪ್ ಬ್ಲೀಚ್ ಹಾಕಿ, ಒಂದು ಗಂಟೆ ಮುಳುಗಿಸಿಟ್ಟು, ವಾಸನೆ ಹೋಗುವವರೆಗೆ ಹರಿಯುವ ನೀರಿನಲ್ಲಿ ಜಾಲಿಸಿ ಒಣಗಿಸಬೇಕು.

ಇಲ್ಲೇ ಫೀಡರ್ ಆಯ್ಕೆಯ ಮಾತೂ ಬರಬೇಕು, ನೀವು ‘ಯಾವುದಾದರೂ ಸರಿ’ ಎಂದು ದಾಟಿಬಿಟ್ಟಿದ್ದೀರಿ. ತಲೆಕೆಳಗಾಗಿ ನಿಲ್ಲುವ ಸೀಸೆಯ ಫೀಡರ್ ಬಿಸಿಲಲ್ಲಿ ಸೋರುತ್ತದೆ. ನೀರಿನ ಮೇಲಿರುವ ಗಾಳಿ ಕಾದು ಹಿಗ್ಗಿ, ಸಿಹಿನೀರನ್ನು ತೂತುಗಳಿಂದ ಹೊರಕ್ಕೆ ತಳ್ಳುತ್ತದೆ. ಅರ್ಧ ತುಂಬಿದ ಸೀಸೆಯಲ್ಲಿ ಗಾಳಿ ಹೆಚ್ಚಿರುವುದರಿಂದ ಸೋರುವುದೂ ಹೆಚ್ಚು. ಸೋರಿದ ಕಡೆಗೆ ಇರುವೆ, ಜೇನ್ನೊಣ, ಕಣಜ ಎಲ್ಲ ಬರುತ್ತವೆ. ತಟ್ಟೆಯಾಕಾರದ ಫೀಡರ್‌ನಲ್ಲಿ ನೀರು ತೂತುಗಳ ಮಟ್ಟಕ್ಕಿಂತ ಕೆಳಗಿರುತ್ತದೆ. ಹಕ್ಕಿಯ ನಾಲಿಗೆಗೆ ಎಟುಕುತ್ತದೆ, ಜೇನ್ನೊಣಕ್ಕೆ ಎಟುಕುವುದಿಲ್ಲ. ಬಿಚ್ಚಿ ತೊಳೆಯುವುದೂ ಸುಲಭ. ಹೊಸಬರಿಗೆ ಅರ್ಧ ಕಪ್ ಹಿಡಿಯುವ ತಟ್ಟೆ ಫೀಡರ್ ಸಾಕು. ಹೇಗೂ ಎರಡು ದಿನಕ್ಕೆ ಚೆಲ್ಲಬೇಕಾದ್ದನ್ನು ಅರ್ಧ ಲೀಟರ್ ತುಂಬಿಡುವುದರಲ್ಲಿ ಅರ್ಥವಿಲ್ಲ. ತೂತುಗಳ ಸುತ್ತ ಹಳದಿ ಹೂವಿನ ಅಲಂಕಾರವಿರುವುದನ್ನು ಕೊಳ್ಳಬೇಡಿ, ಹಳದಿ ಕಣಜಗಳನ್ನು ಕರೆಯುತ್ತದೆ.

“ಇರುವೆ ಬಾರದಂತೆ ತಂತಿಗೆ ಹರಳೆಣ್ಣೆ ಸವರಿ.” ಇದನ್ನೂ ಹೊಡೆದುಹಾಕಿ. ಎಣ್ಣೆಯೋ ವ್ಯಾಸಲೀನೋ ಗರಿಗೆ ತಾಗಿದರೆ ಹಕ್ಕಿ ಅದನ್ನು ಕೊಕ್ಕಿನಿಂದ ತೆಗೆದು ಶುಚಿ ಮಾಡಿಕೊಳ್ಳಲಾರದು. ಅಂಟಿದ ಗರಿಯಿಂದ ಹಾರುವುದೂ ಕಷ್ಟ, ಮೈ ಬೆಚ್ಚಗಿಟ್ಟುಕೊಳ್ಳುವುದೂ ಕಷ್ಟ. ಫೀಡರ್‌ಗೂ ಕೊಕ್ಕೆಗೂ ನಡುವೆ ನೀರು ತುಂಬಿದ ಪುಟ್ಟ ಬಟ್ಟಲು ತೂಗುಹಾಕುವ ಸಾಧನ ಅಂಗಡಿಗಳಲ್ಲಿ ಸಿಗುತ್ತದೆ. ಇರುವೆ ಆ ನೀರನ್ನು ದಾಟಲಾರದು. ಊಟದ ಕಪಾಟಿನ ಕಾಲಿಗೆ ನಮ್ಮ ಹಳ್ಳಿಮನೆಗಳಲ್ಲಿ ಇಡುತ್ತಿದ್ದ ನೀರಿನ ಬಟ್ಟಲಿನ ಉಪಾಯವೇ ಇದು. ಬಟ್ಟಲು ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ದಿನವೂ ನೋಡಬೇಕು. ಕೀಟನಾಶಕವನ್ನಂತೂ ಹತ್ತಿರ ತರಬಾರದು. ಈ ಹಕ್ಕಿ ಸಕ್ಕರೆ ನೀರಿನಿಂದಲೇ ಬದುಕುವುದಿಲ್ಲ, ಸಣ್ಣ ನೊಣ, ಜೇಡಗಳನ್ನು ಹಿಡಿದು ತಿನ್ನುತ್ತದೆ, ಮರಿಗಳಿಗೆ ಅವನ್ನೂ ಉಣಿಸುತ್ತದೆ.

ನನಗೆ ಸಹಿಸಲಾಗದ ಇನ್ನೊಂದು ಸಾಲು ಲೇಖನದ ಆರಂಭದಲ್ಲೇ ಇದೆ: “ಶಿರಸಿಯ ಅಜ್ಜನ ಮನೆಯಲ್ಲಿ ದಾಸವಾಳದ ಮೇಲೆ ಕುಳಿತು ಸ್ಟ್ರಾದಲ್ಲಿ ಹೀರಿದಂತೆ ಮಕರಂದ ಹೀರುತ್ತಿದ್ದ ಹಮ್ಮಿಂಗ್‌ಬರ್ಡ್‌ಗಳೇ ಇಲ್ಲಿಗೂ ಬಂದಿವೆ.”

ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಶಿರಸಿಯಲ್ಲಿ ನೀವು ಕಂಡದ್ದು ಸೂರಕ್ಕಿ. ಅದು ಬೇರೆಯದೇ ಕುಟುಂಬ. ಒಂದೇ ಬಗೆಯ ಆಹಾರ ಹುಡುಕುವುದರಿಂದ ಕೊಕ್ಕು, ಹೊಳಪು ಹೋಲುತ್ತವೆ. ಸೂರಕ್ಕಿ ಹೆಚ್ಚಾಗಿ ರೆಂಬೆ ಹಿಡಿದು ಕುಳಿತೇ ಕುಡಿಯುತ್ತದೆ, ಉದ್ದನೆಯ ಹೂವಾದರೆ ಬುಡ ಚುಚ್ಚಿ ಕದಿಯುವುದೂ ಉಂಟು. ನಿಮ್ಮ ರಾಲೆಯ ಹಕ್ಕಿ ರೂಬಿ-ಥ್ರೋಟೆಡ್ ಹಮ್ಮಿಂಗ್‌ಬರ್ಡ್, ಪೂರ್ವ ಅಮೆರಿಕದಲ್ಲಿ ಗೂಡುಕಟ್ಟುವ ಒಂದೇ ಜಾತಿ. ಹೂವಿನೆದುರು ಗಾಳಿಯಲ್ಲಿ ನಿಂತು, ಸೆಕೆಂಡಿಗೆ ಸುಮಾರು 50 ಬಾರಿ ರೆಕ್ಕೆ ಬಡಿಯುತ್ತದೆ. ಅಜ್ಜನ ಮನೆಯ ನೆನಪನ್ನು ಬಿಡಬೇಡಿ, ಹಕ್ಕಿಯ ಹೆಸರನ್ನು ಸರಿಪಡಿಸಿ. ಎರಡನ್ನೂ ಹತ್ತಿರದಿಂದ ಕಂಡಿರುವ ಕನ್ನಡಿಗರು ಎಷ್ಟು ಮಂದಿ? ಆ ಹೋಲಿಕೆ ನಿಮ್ಮ ಲೇಖನದ ಬಂಡವಾಳವಾಗಬೇಕು.

ಸ್ಟ್ರಾ ಕೂಡ ತಪ್ಪು. ಹಮ್ಮಿಂಗ್‌ಬರ್ಡ್ ಹೀರುವುದಿಲ್ಲ, ನೆಕ್ಕುತ್ತದೆ. ನಾಲಿಗೆಯ ತುದಿ ಎರಡಾಗಿ ಸೀಳಿದೆ, ಅಂಚಿನಲ್ಲಿ ಕುಚ್ಚಿನಂಥ ಎಳೆಗಳಿವೆ. ಮಕರಂದಕ್ಕೆ ತಾಗಿದಾಗ ತುದಿಗಳು ಬಿಚ್ಚಿಕೊಂಡು, ಹಿಂದಕ್ಕೆಳೆಯುವಾಗ ಸುತ್ತಿಕೊಂಡು ದ್ರವವನ್ನು ಒಳಗೇ ಹಿಡಿದು ತರುತ್ತವೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಲೆಹಾಂಡ್ರೋ ರೀಕೊ-ಗೆವಾರಾ ಮತ್ತು ಮಾರ್ಗರೆಟ್ ರುಬೇಗಾ ಇದನ್ನು 2011ರಲ್ಲಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದರು. ಈ ಕ್ರಿಯೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ಗಟ್ಟಿ ಪಾಕ ಯಾಕೆ ಬೇಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಕೊನೆಯ ಸಾಲು: “ಹಕ್ಕಿಗಳು ವಲಸೆ ಮರೆತು ಉಳಿಯದಿರಲೆಂದು ಆಗಸ್ಟ್‌ನಲ್ಲೇ ಫೀಡರ್ ತೆಗೆದಿಡಿ.” ಇದು ಅಮೆರಿಕದಲ್ಲೂ ಬಹಳ ಜನ ನಂಬಿರುವ ಮಾತು, ನಿಜವಲ್ಲ. ವಲಸೆಗೆ ಎಬ್ಬಿಸುವುದು ಕಿರಿದಾಗುವ ಹಗಲು, ಫೀಡರ್ ಅಲ್ಲ. ಗಂಡುಗಳು ಮೊದಲು ಹೊರಡುತ್ತವೆ. ಹೆಣ್ಣು, ಆ ವರ್ಷದ ಮರಿಗಳು ಸೆಪ್ಟೆಂಬರ್ ಪೂರ್ತಿ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಅನೇಕವು ಮೆಕ್ಸಿಕೋ ಕೊಲ್ಲಿಯ ಮೇಲೆ ಸುಮಾರು 800 ಕಿ.ಮೀ. ತಡೆಯಿಲ್ಲದೆ ಹಾರಬೇಕು. ಅದಕ್ಕೆ ಮುನ್ನ ಮೈಯ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುವಷ್ಟು ಕೊಬ್ಬು ಕೂಡಿಸಿಕೊಳ್ಳುತ್ತವೆ. ಸಿಹಿನೀರು ಹೆಚ್ಚು ಬೇಕಾದ ಆ ಹೊತ್ತಿಗೇ ನೀವು ತೆಗೆದಿಡಲು ಹೇಳಿದ್ದೀರಿ. ಕೊನೆಯ ಹಕ್ಕಿ ಕಂಡ ಮೇಲೆ ಇನ್ನೂ ಎರಡು ವಾರ ಫೀಡರ್ ಇರಲಿ ಎಂದು ತಿದ್ದಿ.

ತಿದ್ದಿದ ಪ್ರತಿಯನ್ನು ಫೆಬ್ರವರಿ ಕೊನೆಯೊಳಗೆ ಕಳಿಸಿ. ಗಂಡು ಹಕ್ಕಿಗಳು ನಿಮ್ಮ ಕಡೆ ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲ ವಾರಕ್ಕೆ ಬಂದಿಳಿಯುತ್ತವೆ. ಅದಕ್ಕೆ ಮೊದಲು ಓದುಗರು ಫೀಡರ್ ಕೊಂಡು, ತೊಳೆದು, ತೂಗುಹಾಕಿರಬೇಕು. ಫೋಟೊವನ್ನೂ ಬದಲಾಯಿಸಿ, ಈಗ ಕಳಿಸಿರುವುದರಲ್ಲಿ ಸೀಸೆ ತುಂಬ ಕೆಂಪು ನೀರಿದೆ. ತಟ್ಟೆ ಫೀಡರ್‌ನಲ್ಲಿ ತಿಳಿನೀರು, ಅದರ ಮೇಲೆ ಇರುವೆ ತಡೆಯುವ ಬಟ್ಟಲು, ಇವು ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ಒಂದು ಚಿತ್ರ ತೆಗೆದು ಕಳಿಸಿ; ಹಕ್ಕಿ ಇಲ್ಲದಿದ್ದರೂ ನಡೆಯುತ್ತದೆ.