ತುಟಿಗೆ ಬೆಳಕಿನ ಚಿಕಿತ್ಸೆ ತುಂಬಾ ನೋಯುತ್ತಾ?

ಕೆಳತುಟಿಯ ಸಿಪ್ಪೆ ತಿಂಗಳುಗಟ್ಟಲೆ ಹೋಗುತ್ತಿಲ್ಲ, ಡಾಕ್ಟರ್ ಆಕ್ಟಿನಿಕ್ ಕೈಲೈಟಿಸ್ (ಬಿಸಿಲಿಗೆ ತುಟಿ ಕೆಡುವ ಕಾಯಿಲೆ, ಬಿಟ್ಟರೆ ಕ್ಯಾನ್ಸರ್ ಆಗಬಹುದು) ಅಂತ ಹೇಳಿ ಫೋಟೋಡೈನಾಮಿಕ್ ಥೆರಪಿ, ಅಂದರೆ ಮದ್ದು ಹಚ್ಚಿ ಬೆಳಕು ಬಿಡುವ ಚಿಕಿತ್ಸೆ, ಮಾಡಿಸಿ ಅಂದಿದ್ದಾರೆ, ನೋವು ತಡೆಯಬಹುದಾ ಅಂತ ಕೇಳಿದ್ದೀರಿ. ನಾನು ಎರಡು ಸಲ ಮಾಡಿಸಿಕೊಂಡವನು. ನೋಯುತ್ತದೆ, ಆದರೆ ತಡೆಯಬಹುದು.

ಮೊದಲು ತುಟಿಗೆ ಕ್ರೀಮ್ ಹಚ್ಚಿ, ಬೆಳಕು ತಾಗದ ಹಾಗೆ ಮುಚ್ಚಿ 3 ಗಂಟೆ ಕೂರಿಸಿದರು. ನಾಲಿಗೆ ಸುಮ್ನೆ ಇರಲ್ಲ ಅಲ್ವಾ? ನೆಕ್ಕಿಬಿಡದಿರಲಿ ಅಂತ ಹಲ್ಲಿಗೂ ತುಟಿಗೂ ನಡುವೆ ಹತ್ತಿಯ ಸುರುಳಿ ಇಟ್ಟಿದ್ದರು. ಬಿಸಿಲಿಗೆ ಕೆಟ್ಟ ಕೋಶಗಳು ಆ ಮದ್ದನ್ನು ಜಾಸ್ತಿ ಹೀರಿಕೊಂಡು ಪೋರ್ಫಿರಿನ್ ಅನ್ನೋ ಬೆಳಕಿಗೆ ಕೆರಳುವ ವಸ್ತು ಮಾಡಿಕೊಳ್ಳುತ್ತವೆ. ಅದರ ಮೇಲೆ ಸುಮಾರು 630 ನ್ಯಾನೋಮೀಟರಿನ ಕೆಂಪು ಬೆಳಕು ಬಿದ್ದರೆ ಒಳಗಿನ ಆಮ್ಲಜನಕ ಕೆರಳಿ ಆ ಕೋಶಗಳನ್ನೇ ಕೊಲ್ಲುತ್ತದೆ. ಕೆಲವು ಕಡೆ ನೀಲಿ ಬೆಳಕನ್ನೂ ಬಳಸುತ್ತಾರೆ.

ದೀಪ ಹತ್ತಿದ ಮೊದಲ ನಿಮಿಷ, ಇಷ್ಟೇನಾ ಅನ್ನಿಸಿತು. ಎರಡನೇ ನಿಮಿಷಕ್ಕೆ ಒಡೆದ ತುಟಿಗೆ ಖಾರ ತಿಕ್ಕಿದ ಹಾಗೆ ಉರಿ. ನರ್ಸ್ ತಣ್ಣನೆ ಗಾಳಿ ಬಿಡುತ್ತಲೇ ಇದ್ದರು. ಆದರೂ ನಾನು ಎರಡು ಸಲ ಕೈ ಎತ್ತಿ ದೀಪ ಆರಿಸಲು ಹೇಳಿದೆ. ಬೆಳಕು ಬಿದ್ದಿದ್ದು ಒಟ್ಟು 8 ನಿಮಿಷ ಅಷ್ಟೆ. ಮರುದಿನ ತುಟಿ ಬಾತುಕೊಂಡಿತು, ಆಮೇಲೆ ಹಕ್ಕಳೆ ಕಟ್ಟಿತು. ಹತ್ತು ದಿನ ವ್ಯಾಸಲೀನೇ ಗತಿ. ಮೊದಲ ಎರಡು ದಿನ ಬಿಸಿಲಿಗೆ ಹೋಗಲೇಬಾರದು. ಹಿಂದೆ ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದಿದ್ದರೆ ಮೊದಲೇ ಹೇಳಿಬಿಡಿ, ಈ ಚಿಕಿತ್ಸೆಯಿಂದ ಅದು ಮತ್ತೆ ಏಳಬಹುದು. ಅದಕ್ಕೆ ಮಾತ್ರೆ ಇದೆ.

ನೀವು ಕೇಳದಿದ್ದರೂ ಇದೊಂದು ಹೇಳಬೇಕು. ಬಯಾಪ್ಸಿ, ಅಂದರೆ ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಆಗಿದೆಯಾ? ಬೆಳಕಿನ ಬದಲು ಆಪರೇಷನ್ ಮಾಡಿ ಕತ್ತರಿಸಿ ತೆಗೆದರೆ ಆ ತುಂಡು ಲ್ಯಾಬಿಗೆ ಹೋಗುತ್ತದೆ. ಬೆಳಕಿನಲ್ಲಿ ಮಾಡಿಸಿದರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಬೆಳಕು ತುಂಬಾ ಆಳಕ್ಕೂ ಇಳಿಯುವುದಿಲ್ಲ. ಕೆಳಗೆ ಕ್ಯಾನ್ಸರ್ ಶುರುವಾಗಿದ್ದರೆ ಮೇಲಿನ ಚರ್ಮ ಮಾತ್ರ ನುಣುಪಾಗಿ, ಒಳಗಿನದು ಹಾಗೇ ಇರಬಹುದು. ಗಟ್ಟಿ ಗಂಟು ಅಥವಾ ವಾಸಿಯಾಗದ ಹುಣ್ಣು ಇದ್ದರಂತೂ ಬಯಾಪ್ಸಿ ಬೇಕೇ ಬೇಕು.

ಮೊದಲ ಸಲ ನನ್ನನ್ನು ಬಯಾಪ್ಸಿ ಇಲ್ಲದೆ ನೇರವಾಗಿ ದೀಪದಡಿ ಕೂರಿಸಿದ್ದರು. ಎಂಟು ತಿಂಗಳಿಗೆ ತುಟಿಯ ಬಲಮೂಲೆಯಲ್ಲಿ ಅದೇ ಉಪ್ಪುಕಾಗದದಂಥ ಒರಟು ವಾಪಸ್ ಬಂತು. ಎರಡನೇ ಡಾಕ್ಟರ್ ಚೂರು ತೆಗೆದು ಕಳಿಸಿ, ಕ್ಯಾನ್ಸರ್ ಇಲ್ಲ ಅಂತ ವರದಿ ಬಂದ ಮೇಲೇ ಕ್ರೀಮ್ ಡಬ್ಬಿ ತೆಗೆದರು. ವರದಿ ಬರುವವರೆಗಿನ ಆ ಒಂದು ವಾರ ಇತ್ತಲ್ಲ, ದೀಪದ ಉರಿ ಅದರ ಮುಂದೆ ಏನೂ ಅಲ್ಲ.