ಗಂಡ ಬರುವವರೆಗೆ ಕಾಯಬಹುದೇ?

ಪ್ರಶ್ನೆ: ನನಗೆ 26 ವರ್ಷ. ಮದುವೆಯಾಗಿ ಮೂರು ವರ್ಷವಾಯಿತು. ಮುಟ್ಟು ನಿಂತು ಎರಡು ತಿಂಗಳಾಗುತ್ತ ಬಂದಾಗ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡೆ, ಎರಡು ಗೆರೆ ಬಂದವು. ದವಾಖಾನೆಗೆ ಇನ್ನೂ ತೋರಿಸಿರಲಿಲ್ಲ. ಒಂಬತ್ತು ದಿನಗಳ ಹಿಂದೆ ಹೊಟ್ಟೆನೋವು ಬಂದು ಗರ್ಭ ಇಳಿಯಿತು. ಎರಡು ದಿನ ಬಹಳ ರಕ್ತ ಹೋಗಿ ಆಮೇಲೆ ಕಡಿಮೆಯಾಗಿತ್ತು. ಮೊನ್ನೆಯಿಂದ ಮತ್ತೆ ಗಡ್ಡೆಗಡ್ಡೆಯಾಗಿ ಹೋಗುತ್ತಿದೆ, ಕಿಬ್ಬೊಟ್ಟೆ ನೋಯುತ್ತಿದೆ, ರಾತ್ರಿ ಚಳಿ ಬಂದು ಮೈ ಬಿಸಿಯಾಗುತ್ತಿದೆ. ಅತ್ತೆಯವರು “ಒಳಗಿಂದೆಲ್ಲ ತಾನೇ ಹೋಗ್ತದ, ದವಾಖಾನಿಗಿ ಹೋದ್ರ ಹೊಟ್ಟಿ ತೊಳೀತಾರ, ಮುಂದ ಮಕ್ಕಳಾಗಂಗಿಲ್ಲ” ಎನ್ನುತ್ತಾರೆ. ಗಂಡ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದಾರೆ. ಅವರು ಬರುವವರೆಗೆ ಕಾಯಬಹುದೇ? ಹತ್ತಿ ಬಿಡಿಸಲು ಹೋಗಿದ್ದರಿಂದಲೇ ಹೀಗಾಯಿತೇ?
– ಹೆಸರು ಬೇಡ, ಸುರಪುರ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ “ಕಾಯಬೇಡಿ, ಇಂದೇ ಆಸ್ಪತ್ರೆಗೆ ಹೋಗಿ” ಎಂದು ನಿಮಗೆ ನೇರವಾಗಿ ಬರೆದು ಕಳಿಸಿದ್ದೇನೆ, ಅಂಕಣ ಪ್ರಕಟವಾಗುವ ದಿನದವರೆಗೆ ಇಟ್ಟುಕೊಳ್ಳುವಂಥ ಉತ್ತರ ಅದಾಗಿರಲಿಲ್ಲ. ಆ ಮಾತಿನ ಹಿಂದಿನ ಕಾರಣಗಳನ್ನು ಈಗ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರನ್ನೂ ಕೇಳದೆ ಕುಳಿತಿರುವ ಹೆಣ್ಣುಮಕ್ಕಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ.

ಎಷ್ಟು ದಿನ ಕಾಯಬಹುದು ಎಂಬುದಕ್ಕಿಂತ, ಲಕ್ಷಣಗಳು ದಿನೇದಿನೇ ಇಳಿಯುತ್ತಿವೆಯೇ ಎಂಬುದನ್ನು ನೋಡಬೇಕು. ಮೊದಲ ಮೂರು ತಿಂಗಳೊಳಗೆ ಗರ್ಭ ಹೋದಾಗ ಒಂದೆರಡು ದಿನ ಮುಟ್ಟಿಗಿಂತ ಹೆಚ್ಚು ರಕ್ತ ಹೋಗುವುದು, ಗಡ್ಡೆಗಳು ಬೀಳುವುದು, ಸೊಂಟ ಮತ್ತು ಕಿಬ್ಬೊಟ್ಟೆ ಹಿಂಡಿದಂತಾಗುವುದು ಸಹಜ. ಆಮೇಲೆ ರಕ್ತವೂ ನೋವೂ ಕಡಿಮೆಯಾಗುತ್ತ ಬಂದು, ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ನಿಲ್ಲುತ್ತವೆ. ಹಾಗೆ ಇಳಿಯುತ್ತಿದ್ದರೆ ಗಾಬರಿಯಿಲ್ಲದೆ, ಒಂದೆರಡು ದಿನದಲ್ಲಿ ಬಿಡುವು ಮಾಡಿಕೊಂಡು ಹೋಗಿ ತೋರಿಸಿಕೊಂಡರಾಯಿತು. ನಿಮ್ಮದು ಹಾಗಿಲ್ಲ. ಇಳಿದಿದ್ದ ರಕ್ತಸ್ರಾವ ಮತ್ತೆ ಏರಿದೆ, ಜೊತೆಗೆ ನೋವಿದೆ, ಚಳಿಜ್ವರವಿದೆ. ಗರ್ಭದ ಅಂಶ ಒಳಗೆ ಸ್ವಲ್ಪ ಉಳಿದು, ಅದಕ್ಕೆ ಸೋಂಕು ತಗುಲಿದಾಗ ಹೀಗೆಯೇ ಆಗುತ್ತದೆ. ಪರೀಕ್ಷಿಸದೆ ಅದೇ ಎಂದು ನಾನು ಖಚಿತವಾಗಿ ಹೇಳಲಾರೆ; ಆದರೆ ಅದಲ್ಲವೆಂದು ಮನೆಯಲ್ಲಿ ಕುಳಿತು ಯಾರೂ ಹೇಳಲಾರರು. ಈ ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಇನ್ನೊಂದು ಸಂಗತಿಯನ್ನು ನೀವು ಪತ್ರದಲ್ಲಿ ಸಹಜವೆಂಬಂತೆ ಹೇಳಿ ಮುಂದೆ ಹೋಗಿದ್ದೀರಿ: ನಿಮಗೆ ಒಮ್ಮೆಯೂ ಸ್ಕ್ಯಾನಿಂಗ್ ಆಗಿಲ್ಲ. ಗರ್ಭ ನಿಂತದ್ದು ಗರ್ಭಕೋಶದ ಒಳಗೇ ಎಂಬುದು ಸ್ಕ್ಯಾನಿಂಗ್‌ ಇಲ್ಲದೆ ಗೊತ್ತಾಗುವುದಿಲ್ಲ, ಹೊರಬಂದದ್ದನ್ನು ಬರಿಗಣ್ಣಿನಿಂದ ನೋಡಿ ಎಲ್ಲವೂ ಹೋಯಿತೆಂದು ತೀರ್ಮಾನಿಸಲೂ ಆಗುವುದಿಲ್ಲ. ನೂರರಲ್ಲಿ ಒಂದೆರಡು ಗರ್ಭಗಳು ಗರ್ಭನಾಳದಲ್ಲೇ ನಿಲ್ಲುತ್ತವೆ. ಆ ನಾಳ ಒಡೆದರೆ ಹೊರಗೆ ಕಾಣುವ ರಕ್ತ ಕಡಿಮೆಯಿದ್ದರೂ ಹೊಟ್ಟೆಯೊಳಗೆ ರಕ್ತ ತುಂಬುತ್ತಿರುತ್ತದೆ. ಹೊಟ್ಟೆಯ ಒಂದೇ ಪಕ್ಕದಲ್ಲಿ ಜೋರಾದ ನೋವು, ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಒಂದಿದ್ದರೂ ಅದನ್ನು ತುರ್ತು ಎಂದೇ ತಿಳಿಯಬೇಕು.

ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ, ಸತತ ಎರಡು ಗಂಟೆ ಪೂರ್ತಿ ತೊಯ್ದರೆ ಅದು ಬಸ್ಸಿಗೆ ಕಾಯುವ ಹೊತ್ತಲ್ಲ, 108ಕ್ಕೆ ಕರೆ ಮಾಡುವ ಹೊತ್ತು. ಬಟ್ಟೆ ಬಳಸುವವರು ಅದೇ ಅಂದಾಜನ್ನು ಬಟ್ಟೆಗೂ ಹಿಡಿಯಬಹುದು. ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ಎದೆ ಬಡಿತ ಜೋರಾಗಿ ಕೈಕಾಲು ತಣ್ಣಗಾದರೆ, ಬವಳಿ ಬಂದು ಬಿದ್ದರೆ ಗಂಟೆ ಎಣಿಸುತ್ತ ಕೂರಬಾರದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಚಳಿ ನಡುಕ ಬಂದರೆ, ಹೋಗುವ ಸ್ರಾವಕ್ಕೆ ಕೆಟ್ಟ ವಾಸನೆಯಿದ್ದರೆ ರಕ್ತ ಎಷ್ಟೇ ಕಡಿಮೆಯಿರಲಿ, ಅದೇ ದಿನ ವೈದ್ಯರು ನೋಡಬೇಕು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಬಳಿ ಇರುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ನುಂಗಿದ್ದರೆ ಜ್ವರ ಕೆಲವು ಗಂಟೆ ಅಡಗಿರುತ್ತದೆಂಬುದನ್ನು ಮರೆಯಬೇಡಿ, ವೈದ್ಯರಿಗೂ ಅದನ್ನು ಹೇಳಿ.

ರಕ್ತ ಹೋಗುವ ವಿಷಯದಲ್ಲಿ ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳಿಗೆ ತಾಳಿಕೊಳ್ಳುವ ಶಕ್ತಿ ಹೆಚ್ಚೆಂದು ಹೊಗಳುವ ರೂಢಿಯಿದೆ. ಆ ಹೊಗಳಿಕೆಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿದೆ. ಮೊದಲೇ ರಕ್ತ ಕಡಿಮೆಯಿರುವ ದೇಹ, ಬೇರೆಯವರು ಸಹಿಸಬಲ್ಲಷ್ಟು ರಕ್ತ ಹೋದರೂ ಕುಸಿಯುತ್ತದೆ.

ಇನ್ನು ಅತ್ತೆಯವರ ಮಾತು. ಅವರ ಅರ್ಧ ಮಾತು ನಿಜ: ಎಷ್ಟೋ ಸಲ ಎಲ್ಲವೂ ತಾನಾಗಿಯೇ ಹೋಗುತ್ತದೆ, ವೈದ್ಯರೂ ಸೋಂಕಿಲ್ಲದವರಿಗೆ ಕಾದು ನೋಡೋಣ ಎನ್ನುತ್ತಾರೆ, ಇಲ್ಲವೇ ಮಾತ್ರೆ ಕೊಡುತ್ತಾರೆ. ಹೊಟ್ಟೆ ತೊಳೆಯುವುದು ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದಾಗಲೂ ಈಗ ಹೆಚ್ಚಾಗಿ ಸಣ್ಣ ನಳಿಕೆಯಿಂದ ಹೀರಿ ತೆಗೆಯುತ್ತಾರೆ, ಅದು ಕೆಲವೇ ನಿಮಿಷಗಳ ಕೆಲಸ. ಸರಿಯಾಗಿ ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಮುಂದೆ ತಾಯಂದಿರಾಗುತ್ತಾರೆ. ಗರ್ಭನಾಳಗಳನ್ನು ಕೆಡಿಸಿ ಮಕ್ಕಳಾಗುವುದಕ್ಕೆ ತೊಡಕು ತರುವ ಸಾಧ್ಯತೆ ಹೆಚ್ಚಿರುವುದು ಒಳಗೇ ಬಿಟ್ಟ ಸೋಂಕಿಗೆ. ಅತ್ತೆಯವರು ಹೆದರಿರುವುದು ಯಾವುದಕ್ಕೋ ಅದನ್ನು ತಪ್ಪಿಸಲೆಂದೇ ನೀವು ಹೋಗುತ್ತಿದ್ದೀರಿ ಎಂದು ಅವರಿಗೆ ಹೇಳಿ. ಅವರನ್ನೇ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಗಂಡನಿಗೆ ಇಂದೇ ಫೋನ್ ಮಾಡಿ, ಆದರೆ ಒಪ್ಪಿಗೆ ಕೇಳುವುದಕ್ಕಲ್ಲ. 18 ವರ್ಷ ತುಂಬಿದ ಹೆಣ್ಣಿನ ಈ ಚಿಕಿತ್ಸೆಗೆ ಆಕೆಯ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕೆಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಈಗಿನ ಸ್ಥಿತಿಯಲ್ಲಿ ಸುರಪುರದ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಅಲ್ಲಿ ಆ ಹೊತ್ತಿಗೆ ಹೆರಿಗೆ ವೈದ್ಯರೋ ಸ್ಕ್ಯಾನಿಂಗ್ ಸೌಲಭ್ಯವೋ ಇಲ್ಲವೆಂದರೆ, ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಿಕೊಡಿ ಎಂದು ಅಲ್ಲಿಯೇ ಕೇಳಿ, ಮನೆಗೆ ಮರಳಬೇಡಿ. 108ಕ್ಕೆ ಹಣ ಕೊಡಬೇಕಾಗಿಲ್ಲ. ಊರಿನ ಆರ್‌ಎಂಪಿ ಡಾಕ್ಟರರಿಂದ ರಕ್ತ ನಿಲ್ಲುವ ಇಂಜೆಕ್ಷನ್ ಹಾಕಿಸಿಕೊಂಡು ನೋಡೋಣ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದರಿಂದ ಒಳಗೆ ಉಳಿದದ್ದು ಹೋಗುವುದಿಲ್ಲ, ಸಮಯ ಮಾತ್ರ ಹೋಗುತ್ತದೆ.

ಅಲ್ಲಿ ಕೊನೆಯ ಮುಟ್ಟಿನ ದಿನಾಂಕ, ಗರ್ಭ ಇಳಿದ ದಿನ, ನುಂಗಿದ ಮಾತ್ರೆಗಳು ಇವನ್ನು ಕೇಳುತ್ತಾರೆ. “ಗರ್ಭ ಇಳಿಯಲು ಮಾತ್ರೆ ತೆಗೆದುಕೊಂಡಿರಾ?” ಎಂದೂ ಕೇಳಬಹುದು. ಅದನ್ನು ಬಹುತೇಕ ಎಲ್ಲರಿಗೂ ಕೇಳುತ್ತಾರೆ, ಆಪಾದನೆಯೆಂದು ನೊಂದುಕೊಳ್ಳಬೇಡಿ. ತೆಗೆದುಕೊಂಡವರು ಮುಚ್ಚಿಡದೆ ಹೇಳಬೇಕು. ನಿಮ್ಮ ರಕ್ತದ ಗುಂಪನ್ನೂ ಪರೀಕ್ಷೆ ಮಾಡಿಸಿ. ಗುಂಪು ನೆಗೆಟಿವ್ ಆಗಿದ್ದರೆ, ಮುಂದಿನ ಗರ್ಭದ ಮಗುವಿಗೆ ತೊಂದರೆಯಾಗದಿರಲೆಂದು ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದನ್ನು ಸಾಮಾನ್ಯವಾಗಿ ಗರ್ಭ ಇಳಿದ 72 ಗಂಟೆಯೊಳಗೆ ಕೊಡುತ್ತಾರೆ, ನಿಮಗೆ ಆ ಅವಧಿ ಮೀರಿದೆ. ಆದರೂ ಕೇಳುವುದನ್ನು ಬಿಡಬೇಡಿ, ಏಕೆಂದರೆ ಈಗ ಏನು ಮಾಡಬೇಕೆಂಬುದನ್ನು ಅವರೇ ನಿರ್ಧರಿಸಬೇಕು.

ಹತ್ತಿ ಬಿಡಿಸಿದ್ದರಿಂದ ಹೀಗಾಗಲಿಲ್ಲ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವೆ, ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ, ಭ್ರೂಣ ಕೂಡುವಾಗಲೇ ವರ್ಣತಂತುಗಳಲ್ಲಿ ಆದ ಏರುಪೇರು. ನೀವು ಹೊಲಕ್ಕೆ ಹೋಗದೆ ಮಂಚದ ಮೇಲೆ ಮಲಗಿದ್ದರೂ ಅದು ಬದಲಾಗುತ್ತಿರಲಿಲ್ಲ. ಅಳು ಬಂದರೆ ಅಳಿ, ಎರಡು ತಿಂಗಳದ್ದಕ್ಕೆ ಇಷ್ಟೇಕೆ ಎಂದು ಯಾರಾದರೂ ಅಂದರೆ ಉತ್ತರ ಕೊಡಬೇಕಾದ ಋಣ ನಿಮಗಿಲ್ಲ. ನಿದ್ದೆ, ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಗ್ಗಿದರೆ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಚಿಕಿತ್ಸೆಯಾದ ಮೇಲೆ ರಕ್ತ ಪೂರ್ತಿ ನಿಲ್ಲುವವರೆಗೆ ಗಂಡಹೆಂಡತಿ ಕೂಡುವುದು ಬೇಡ. ಮುಂದಿನ ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬರುತ್ತದೆ, ಆದರೆ ಅದಕ್ಕೂ ಮೊದಲೇ ಗರ್ಭ ನಿಲ್ಲಬಹುದು. ಈಗಲೇ ಬೇಡವೆಂದಿದ್ದರೆ ಆಸ್ಪತ್ರೆಯಿಂದ ಹೊರಡುವಾಗಲೇ ಅದಕ್ಕೊಂದು ಉಪಾಯ ಕೇಳಿಕೊಂಡು ಬನ್ನಿ. ಮೂರು ವಾರದ ನಂತರ ಮನೆಯಲ್ಲೊಮ್ಮೆ ಮೂತ್ರ ಪರೀಕ್ಷೆ ಮಾಡಿಕೊಂಡು, ಆಗಲೂ ಎರಡು ಗೆರೆ ಬಂದರೆ ಮತ್ತೆ ಹೋಗಿ ತೋರಿಸಿ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಅವರು ಹೇಳಿದಷ್ಟು ದಿನವೂ ತಪ್ಪಿಸದೆ ನುಂಗಿ. ಮುಂದಿನ ಸಲ ಎರಡು ಗೆರೆ ಕಂಡ ವಾರವೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ, ಆರೇಳು ವಾರದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ.