ನಿಮ್ಮ ‘ಏಪ್’ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಕೆಂಬೂತ ಮಾತ್ರ ಇರಲಿ

ನಮಸ್ಕಾರ.

ಇಂಗ್ಲಿಷಿನ ‘ಏಪ್’ (ape) ಅನ್ನೋ ಕ್ರಿಯಾಪದದ ಅರ್ಥ, ಬಳಕೆ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ‘ಸ್ವೀಕರಿಸಲಾಗಿಲ್ಲ’ ಅಂತ ಒಂದು ಸಾಲು ಬರೆದು ಸುಮ್ನೆ ಇರಬಹುದಿತ್ತು. ಆದರೆ ನಿಮ್ಮ ಮೂರನೇ ಪುಟದಲ್ಲಿ ಅಜ್ಜಿಯ ಒಂದು ಪ್ಯಾರಾ ಇದೆಯಲ್ಲ, ಅದು ಬಿಡಲಿಲ್ಲ.

ಮೊದಲು ದೊಡ್ಡ ತಪ್ಪು. ‘ಏಪ್ ಅಂದರೆ ಅನುಕರಿಸು’ ಅಂತ ಹೇಳಿ, ಉದಾಹರಣೆಗೆ ‘ಯುವಕರು ಗಾಂಧೀಜಿಯವರನ್ನು ಏಪ್ ಮಾಡಬೇಕು’ ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯ ಕೊಟ್ಟಿದ್ದೀರಿ. ವ್ಯಾಕರಣ ಸರಿಯಾಗಿದೆ. ಇಂಗ್ಲಿಷ್ ಬಲ್ಲವರು ಮಾತ್ರ ನಗುತ್ತಾರೆ, ಯಾಕಂದರೆ ಅದು ‘ಹುಡುಗರು ತಲೆಬುಡ ತಿಳಿಯದೆ ಗಾಂಧಿ ವೇಷ ಹಾಕಿಕೊಂಡು ಓಡಾಡಲಿ’ ಅಂದ ಹಾಗೆ ಕೇಳಿಸುತ್ತದೆ. ಆ ಪದ ಒಬ್ಬ ಇನ್ನೊಬ್ಬನ ಹಾಗೆ ಮಾಡುತ್ತಿದ್ದಾನೆ ಅಂತಷ್ಟೇ ಹೇಳುವುದಿಲ್ಲ, ಹಾಗೆ ಮಾಡುವವನ ಬಗ್ಗೆ ನನಗೆ ಮರ್ಯಾದೆ ಇಲ್ಲ ಅಂತಲೂ ಹೇಳುತ್ತದೆ. ನಮ್ಮ ಇಂಗ್ಲಿಷ್ ಪೇಪರ್‌ಗಳ ಓದುಗರ ಪತ್ರಗಳಲ್ಲಿ ‘ಪಾಶ್ಚಾತ್ಯರನ್ನು ಕುರುಡಾಗಿ ಏಪ್ ಮಾಡುವುದು’ ಅಂತ ಬರುತ್ತಿರುತ್ತದೆ, ನೋಡಿರುತ್ತೀರಿ. ಅಲ್ಲಿ ಸಿಟ್ಟೆಲ್ಲ ‘ಏಪ್’ನಲ್ಲೇ ಇದೆ. ‘ಕುರುಡಾಗಿ’ ಬರೀ ಒಗ್ಗರಣೆ.

ಗಾಂಧೀಜಿಗೆ ಬೇಕಿದ್ದ ಪದ ‘ಎಮ್ಯುಲೇಟ್’. ಲ್ಯಾಟಿನ್ನಿನಲ್ಲಿ ಅದರ ಬೇರು ಪೈಪೋಟಿಗೆ ಸಂಬಂಧಿಸಿದ್ದು. ದೊಡ್ಡವರನ್ನು ನೋಡಿ ಅವರ ಮಟ್ಟಕ್ಕೆ ಏರಲು ಹೆಣಗುವುದು. ಶೇಕ್ಸ್‌ಪಿಯರ್ ಕಾಲದಲ್ಲಿ ‘ಎಮ್ಯುಲೇಷನ್’ ಅಂದರೆ ಹೊಟ್ಟೆಕಿಚ್ಚೂ ಆಗಿತ್ತು, ಈಗ ಆ ಹುಳಿ ಹೋಗಿ ಮೆಚ್ಚುಗೆ ಉಳಿದಿದೆ. ‘ಮಿಮಿಕ್’ ದನಿ, ಹಾವಭಾವಕ್ಕೆ ಜಾಸ್ತಿ. ಒಣಗಿದ ಎಲೆಯಂತೆ ಕಾಣುವ ಚಿಟ್ಟೆಗೂ ಅದೇ ಪದ, ಅಲ್ಲಿ ಬೈಗುಳ ಏನಿಲ್ಲ. (ಅದರ ಭೂತಕಾಲದ ಸ್ಪೆಲಿಂಗ್‌ನಲ್ಲಿ ‘ಸಿ’ ಆದಮೇಲೆ ‘ಕೆ’ ಬರುತ್ತದೆ, ನೀವು ಮೂರು ಕಡೆ ಬಿಟ್ಟಿದ್ದೀರಿ.)

ಇನ್ನು ಡಾರ್ವಿನ್. ‘ಮನುಷ್ಯ ಮಂಗನಿಂದ ಬಂದ ಎಂದು ಡಾರ್ವಿನ್ ಹೇಳಿದ ಮೇಲೆ ಈ ಕ್ರಿಯಾಪದ ಹುಟ್ಟಿತು’ ಅಂತ ಎಲ್ಲಿ ಓದಿದಿರಿ? ಡಾರ್ವಿನ್‌ನ ವಿಕಾಸವಾದದ ಪುಸ್ತಕ ಬಂದದ್ದು 1859ರಲ್ಲಿ, ಮನುಷ್ಯನ ಮೂಲದ ಬಗ್ಗೆ ಬರೆದ ಪುಸ್ತಕ 1871ರಲ್ಲಿ. ಇಂಗ್ಲಿಷರು 17ನೇ ಶತಮಾನದಲ್ಲೇ ಒಬ್ಬರನ್ನೊಬ್ಬರು ‘ಏಪ್ ಮಾಡ್ತಾನೆ’ ಅಂತ ಬೈದುಕೊಳ್ಳುತ್ತಿದ್ದರು. ಹಾಗೇ, ‘ಏಪ್ ಎಂದರೆ ಕೋತಿ’ ಅಂತ ಬರೆದದ್ದು ಇವತ್ತಿನ ಲೆಕ್ಕಕ್ಕೆ ತಪ್ಪು. ಏಪ್‌ಗೆ ಬಾಲ ಇಲ್ಲ. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್, ಗಿಬ್ಬನ್ ಆ ಗುಂಪು. ನಮ್ಮ ದೇಶದ ಕಾಡಿನಲ್ಲಿರುವುದು ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಆದರೆ ಹಳೇ ಇಂಗ್ಲಿಷಿನಲ್ಲಿ ಬಾಲ ಇರುವುದಕ್ಕೂ ಇಲ್ಲದ್ದಕ್ಕೂ ಒಂದೇ ಪದ ನಡೆಯುತ್ತಿತ್ತು. ಹಾಗಾಗಿ ಕ್ರಿಯಾಪದದ ಹಿಂದಿರುವುದು ಕೋತಿ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ, ಇದು ಸಿಕ್ಕಿದ್ದರೆ ನಿಮ್ಮ ಲೇಖನ ಎದ್ದು ನಿಲ್ಲುತ್ತಿತ್ತು. ಏಪ್‌ಗಳು ನಿಜಕ್ಕೂ ಏಪ್ ಮಾಡುತ್ತವಾ? 2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರೂ ವೈಟನ್ ಅನ್ನೋ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಪೆಟ್ಟಿಗೆಯೊಳಗೆ ಬಹುಮಾನ ಇಟ್ಟು, ಅದನ್ನು ತೆಗೆಯುವುದು ಹೇಗೆ ಅಂತ ಚಿಂಪಾಂಜಿಗಳಿಗೂ, ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು, ನಡುವೆ ಬೇಕಂತಲೇ ಕೆಲಸಕ್ಕೆ ಬಾರದ ಕೆಲವು ಹೆಜ್ಜೆ ಸೇರಿಸಿ. ಒಳಗಡೆ ಕಾಣದ ಪೆಟ್ಟಿಗೆಯಲ್ಲಿ ಚಿಂಪಾಂಜಿಗಳೂ ತೋರಿಸಿದ್ದನ್ನೇ ಮಾಡಿದವು. ಒಳಗೆ ಕಾಣುವ ಪೆಟ್ಟಿಗೆ ಕೊಟ್ಟಾಗ, ಮೇಲೆ ಕೋಲು ಚುಚ್ಚುವುದು ದಂಡ ಅಂತ ಗೊತ್ತಾಗಿ ಹೆಚ್ಚಿನವು ಅದನ್ನು ಬಿಟ್ಟು ನೇರ ಬಹುಮಾನಕ್ಕೆ ಕೈ ಹಾಕಿದವು. ಮಕ್ಕಳು? ಕಂಡರೂ ಅಷ್ಟನ್ನೂ ಹಾಗೇ ಮಾಡಿದರು. ವಿಜ್ಞಾನಿಗಳು ಚಿಂಪಾಂಜಿಯ ಜಾಣತನಕ್ಕೆ ಇಟ್ಟ ಹೆಸರು, ನೋಡಿ, ‘ಎಮ್ಯುಲೇಷನ್’!

ತನ್ನನ್ನೇ ಹೀಗೆ ಕರೆದುಕೊಂಡ ಲೇಖಕನೂ ಇದ್ದಾನೆ. ‘ಟ್ರೆಷರ್ ಐಲೆಂಡ್’ ಬರೆದ ಸ್ಟೀವನ್‌ಸನ್ 1887ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ, ಬರೆಯುವುದು ಕಲಿಯುವಾಗ ಹ್ಯಾಜ್ಲಿಟ್, ಲ್ಯಾಂಬ್, ಡಿಫೋ ಥರದ ಹಿಂದಿನ ಲೇಖಕರೆಲ್ಲರ ಮುಂದೆ ತಾನು ಶ್ರದ್ಧೆಯ ‘ಏಪ್’ ಆಗಿದ್ದೆ ಅಂತ ತಮಾಷೆಯಾಗಿ ಒಪ್ಪಿಕೊಂಡಿದ್ದಾನೆ. ಬೇರೆಯವರಿಗೆ ಅಂದರೆ ಬೈಗುಳ, ತನಗೇ ಅಂದುಕೊಂಡರೆ ವಿನಯ.

ಈಗ ನಿಮ್ಮ ಅಜ್ಜಿ. ಬೊಂಬಾಯಿಯಿಂದ ಬಂದ ಮಾವ ಮುದ್ದೆ ತಿನ್ನಲು ಫೋರ್ಕ್ ಕೇಳಿದಾಗ ಅಜ್ಜಿ ಒಲೆ ಮುಂದೆ ಕೂತಲ್ಲಿಂದಲೇ ‘ಕೆಂಬೂತ ಬಂತು ನೋಡು’ ಅಂದರಂತೆ. ಅಮ್ಮಾ, ಇದೇ ಅಲ್ವಾ ‘ಏಪ್’! ಕನ್ನಡದ ‘ಅನುಕರಿಸು’ ತೀರಾ ಸಪ್ಪೆ. ‘ಅಣಕಿಸು’ ಹತ್ತಿರ ಬರುತ್ತದೆ, ಆದರೆ ದಾರಿ ಉಲ್ಟಾ: ಅಣಕಿಸಿದರೆ ನಗೆಪಾಟಲಾಗುವುದು ಯಾರನ್ನು ಅಣಕಿಸಿದೆವೋ ಅವರು, ಏಪ್ ಮಾಡಿದರೆ ಮಾಡಿದವನೇ. ನವಿಲು ಕುಣಿಯಿತು ಅಂತ ಪುಕ್ಕ ಕೆದರಿದ ಕೆಂಬೂತದ್ದೂ ಅದೇ ಗತಿ, ಹುಲಿ ಬಣ್ಣಕ್ಕೆ ಮೈ ಸುಟ್ಟುಕೊಂಡ ನರಿಯದ್ದೂ ಅದೇ. ನಮ್ಮಲ್ಲಿ ಇದಕ್ಕೆ ಒಂದು ಕ್ರಿಯಾಪದ ಇಲ್ಲದಿದ್ದರೂ ಎರಡು ಗಾದೆ ಇವೆ. ಇಷ್ಟು ಒಳ್ಳೆಯ ಮಾತನ್ನು ನೀವು ಎರಡೂವರೆ ಪುಟ ಡಿಕ್ಷನರಿಯ ಹಿಂದೆ ಬಚ್ಚಿಟ್ಟು, ಅದಕ್ಕೂ ‘ನನ್ನ ಅಲ್ಪಮತಿಗೆ ತೋಚಿದಂತೆ’ ಅಂತ ಬೇರೆ ಸೇರಿಸಿದ್ದೀರಿ.

ಅಲ್ಲಿಂದಲೇ ಶುರು ಮಾಡಿ. ‘ಯುವಜನತೆಗೆ ಕರೆ’ ಅನ್ನೋ ಕೊನೇ ಪುಟ ಪೂರ್ತಿ ತೆಗೆಯಿರಿ. ಕನ್ನಡಕ ಹಾಕಿದ ಕೋತಿಯ ಚಿತ್ರ ಬೇಡ. ಎಂಟುನೂರು ಪದ ಸಾಕು. ಮತ್ತೆ, ಮಾವ ಕೊನೆಗೆ ಮುದ್ದೆಯನ್ನು ಫೋರ್ಕಿನಲ್ಲೇ ತಿಂದರಾ? ಅದನ್ನೇ ಬರೆದಿಲ್ಲ ನೀವು.